ಇಂದ್ರಾಣಿಯ ಮೈನೋವು

"ನಿನಗೆ ಏನೂ ಇಲ್ಲ ಕಣೆ! ಸೋಮಾರಿತನಕ್ಕೆ ಕಾಯಿಲೆ ಅಂತ ಹೆಸರಿಟ್ಕೊಂಡು ನಮ್ಮ ಮಧ್ಯೆ ಬಂದು ಕೂತಿದೀಯ, ಅಷ್ಟೆ!" ಎಂದು ನಾನು ಫೋನಿಗೆ ಕೂಗಿದೆ. ಗಿರಣಿ ನಿಲ್ಲಿಸಿ ಬಹಳ ಹೊತ್ತಾಗಿತ್ತು. ಆದರೂ ಗಿರಣಿ ಓಡುವಾಗಿನ ದನಿಯೇ ಬಂತು. ಹಿಟ್ಟಿನ ಗಿರಣಿ ನಡೆಸುವವರ ಗಂಟಲು ಹಾಗೇ ಆಗಿಬಿಡುತ್ತದೆ.

"ಬಾಯಿಗೆ ಬಂದಂಗೆ ಮಾತಾಡ್ಬೇಡಿ ಅಕ್ಕ," ಎಂದಳು ಇಂದ್ರಾಣಿ. ಪರದೆಯ ಮೇಲೆ ಅವಳ ಮುಖ ಬೆಂಕಿಪೊಟ್ಟಣದಷ್ಟಿತ್ತು. ಅಷ್ಟರಲ್ಲೂ ಅವಳು ಮಲಗಿಕೊಂಡೇ ಮಾತಾಡುತ್ತಿದ್ದಾಳೆ ಅನ್ನುವುದು ಗೊತ್ತಾಗುತ್ತಿತ್ತು. ಕಿವಿಯ ಹಿಂದೆ ದಿಂಬಿನ ಕಸೂತಿ ಹೂವು ಕಾಣುತ್ತಿತ್ತು.

"ಮೊದಲು ಎದ್ದು ಕೂತ್ಕೊ. ಮಲಗಿಕೊಂಡು ಜಗಳ ಆಡೋರನ್ನ ನಾನು ಈ ಊರಲ್ಲಿ ಇವತ್ತೇ ನೋಡಿದ್ದು."

"ಬಸಮ್ಮಣ್ಣಿಯವರೇ," ಎಂದು ಪರದೆಯ ಇನ್ನೊಂದು ಚೌಕದಿಂದ ಮೃದುಲಾ ಮೇಡಂ ನಡುವೆ ಬಾಯಿ ಹಾಕಿದರು. "ಇಲ್ಲಿ ನಾವು ಯಾರೂ ಯಾರನ್ನೂ ಅಳೆಯೋದಿಲ್ಲ. ಎಲ್ಲರೂ ಒಂದ್ಸಲ ಕಣ್ಣು ಮುಚ್ಚಿ ನಿಧಾನವಾಗಿ ಉಸಿರು ತಗೊಳ್ಳೋಣ."

"ನೀವು ತಗೊಳ್ತಾ ಇರಿ ಮೇಡಂ. ನಾನು ಇವಳ ಜೊತೆ ಮುಗಿಸ್ಕೊಂಡು ಬರ್ತೀನಿ," ಎಂದೆ.

ನಮ್ಮೂರಲ್ಲಿ ನೋವನ್ನು ಕೊಡಬಹುದು, ತೆಗೆದುಕೊಳ್ಳಬಹುದು. ಕಾಯಿಲೆ ಹೋಗುವುದಿಲ್ಲ, ಊತ ಇಳಿಯುವುದಿಲ್ಲ, ಮಾತ್ರೆ ತಪ್ಪುವುದಿಲ್ಲ. ನೋವು ಮಾತ್ರ ಹೋಗುತ್ತದೆ. ಕೊಡುವವರು "ಕೊಟ್ಟೆ" ಅನ್ನಬೇಕು, ತೆಗೆದುಕೊಳ್ಳುವವರು "ಬರಲಿ" ಅನ್ನಬೇಕು. ವಾಪಸ್ಸು ಪಡೆಯುವಾಗ ನೋವು ಯಾರದ್ದೋ ಅವರೇ ಬಾಯಿಬಿಟ್ಟು "ನನ್ನದು ನನಗೆ" ಅನ್ನಬೇಕು. ಹಾಗನ್ನುವವರೆಗೆ ಅದು ಇಟ್ಟುಕೊಂಡವರ ಮೈಯಲ್ಲೇ ಇರುತ್ತದೆ. ಇಟ್ಟುಕೊಂಡವರಿಗೆ ಅದನ್ನು ಮೂರನೆಯವರಿಗೆ ದಾಟಿಸಲು ಆಗುವುದಿಲ್ಲ. ಮತ್ತೆ, ವರ್ಷಗಟ್ಟಲೆ ನೋವು ತಿಂದವರಿಗೆ ಮಾತ್ರ ಇನ್ನೊಬ್ಬರದ್ದು ಹತ್ತುತ್ತದೆ. ಗಟ್ಟಿಮುಟ್ಟಾದವರಿಗೆ ಹತ್ತುವುದಿಲ್ಲ. ನನಗೆ ಕೀಲುವಾತ ಶುರುವಾದ ವರ್ಷ ನಮ್ಮ ಯಜಮಾನರು ಪುಟ್ಟಮಾದಪ್ಪನವರು ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತು ಬಾಯಿ ನೋಯುವ ತನಕ "ಬರಲಿ, ಬರಲಿ" ಎಂದರು. ಅವರಿಗೆ ಬಂದದ್ದು ನಿದ್ದೆ.

ಊರು ಇದಕ್ಕೆ ಹೊಂದಿಕೊಂಡಿದೆ. ಯಾರಾದರೂ ಕುಂಟುತ್ತಾ ಟೀ ಅಂಗಡಿಗೆ ಬಂದರೆ "ಯಾರದ್ದು?" ಎಂದು ಕೇಳುತ್ತಾರೆಯೇ ಹೊರತು "ಏನಾಯ್ತು?" ಎನ್ನುವುದಿಲ್ಲ. ಡಾಕ್ಟರು ಮೈ ಮುಟ್ಟುವ ಮೊದಲು "ಇದು ನಿಮ್ಮದೇನಾ?" ಎಂದು ಕೇಳಿಕೊಳ್ಳುತ್ತಾರೆ. ಹಿಂದೆ ಒಬ್ಬರು ಹೊಸದಾಗಿ ಬಂದವರು ಕೇಳದೆ ಒಬ್ಬನ ಹೊಟ್ಟೆ ಕುಯ್ದು ಕಲ್ಲು ಹುಡುಕಿದರಂತೆ. ಕಲ್ಲು ಅವನ ಅತ್ತಿಗೆಯ ಹೊಟ್ಟೆಯಲ್ಲಿತ್ತು. ಮದುವೆಮನೆಯಲ್ಲಿ ಹೆಣ್ಣಿನ ತಾಯಿ ಚಿಗರೆಯ ಹಾಗೆ ಓಡಾಡುತ್ತಿದ್ದರೆ ಅವಳ ಸೊಂಟ ಇನ್ಯಾರದೋ ಮನೆಯಲ್ಲಿ ನರಳುತ್ತಿದೆ ಎಂದು ಊಟಕ್ಕೆ ಕೂತವರಿಗೆಲ್ಲ ತಿಳಿದಿರುತ್ತದೆ. ಆ ಮನೆಗೂ ಒಂದು ಊಟ ಕಟ್ಟಿ ಕಳಿಸುತ್ತಾರೆ.

ಮೊದಲೆಲ್ಲ ಎದುರುಬದುರು ಕೂತು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೊಡಬೇಕಾಗಿತ್ತು. ಅದಕ್ಕೆ ಕಾಯಿಲೆಯವರು ಕಾಯಿಲೆಯವರ ಮನೆಗೆ ನಡೆದು ಹೋಗಬೇಕು. ಅಷ್ಟು ನಡೆಯುವಂತಿದ್ದರೆ ಹೋಗುವ ಅಗತ್ಯವೇ ಇರುತ್ತಿರಲಿಲ್ಲ. ಫೋನು ಬಂದ ಮೇಲೆ ಸಲೀಸಾಯಿತು. ಮುಖ ಕಂಡರೆ ಸಾಕು, ದಾಟುತ್ತದೆ.

ನಮ್ಮ ಗುಂಪು ಕಟ್ಟಿದವರು ಮೃದುಲಾ ಮೇಡಂ. ಎಲ್ಲೋ ದೂರದ ದೊಡ್ಡ ಊರಿನಲ್ಲಿ ಕೂತು, ವಾಸಿಯಾಗದ ಕಾಯಿಲೆಯವರ ಮನಸ್ಸು ಕುಗ್ಗದಂತೆ ನೋಡಿಕೊಳ್ಳುವುದು ಅವರ ಕೆಲಸ. ನಮ್ಮೂರನ್ನು ಅವರು ಕಂಡಿಲ್ಲ. ನಾವು "ಕೊಟ್ಟೆ", "ಬರಲಿ" ಅನ್ನುವುದನ್ನು ನಮ್ಮ ಕಡೆಯ ಮಾತಿನ ಸೊಗಸು ಎಂದು ತಿಳಿದಿದ್ದಾರೆ. ಮೊದಲ ಸಲ ಕೇಳಿದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾವೂ ಬಿಡಿಸಿ ಹೇಳಲು ಹೋಗಲಿಲ್ಲ. ಅವರ ಉಸಿರಾಟದಿಂದ ನಮಗೆ ಗುಣ ಕಾಣುತ್ತಿದೆ ಎಂದು ಅವರು ತಮ್ಮ ಮೇಲಿನವರಿಗೆ ಬರೆದು ಕಳಿಸುತ್ತಾರೆ. ಅದರಿಂದ ನಮಗೇನೂ ತೊಂದರೆಯಿಲ್ಲ. ನಾಲ್ಕು ಜನ ಕಾಯಿಲೆಯವರನ್ನು ದಿನಾ ಒಂದೇ ಹೊತ್ತಿಗೆ ಕರೆದು ಕೂರಿಸುವುದು ಸಣ್ಣ ಕೆಲಸವಲ್ಲ. ಅದನ್ನು ಅವರು ಚೆನ್ನಾಗಿ ಮಾಡುತ್ತಾರೆ.

ನಾಲ್ಕು ಜನ ಅಂದರೆ, ಕೀಲುವಾತದ ನಾನು. ಅರೆತಲೆನೋವಿನ ಡ್ರಾಯಿಂಗ್ ಮೇಷ್ಟ್ರು ನರಸಿಂಹಯ್ಯನವರು. ಬ್ಲೌಸ್ ಹೊಲಿಯುವ ಫಿರೋಜಾ, ಸಕ್ಕರೆ ಕಾಯಿಲೆಯಿಂದ ಅವಳ ಅಂಗಾಲು ಕೆಂಡದ ಮೇಲಿಟ್ಟ ಹಾಗೆ ಉರಿಯುತ್ತದೆ. ಕೊನೆಯಲ್ಲಿ ಬಂದು ಸೇರಿದ ಇಂದ್ರಾಣಿ. ವಾರಕ್ಕೊಬ್ಬರಿಗೆ ಒಂದು ದಿನ ಬಿಡುವು. ಆ ದಿನ ಅವರ ನೋವನ್ನು ಉಳಿದ ಮೂವರು ಪಾಲು ಮಾಡಿ ಇಟ್ಟುಕೊಂಡು ಸಂಜೆಗೆ ವಾಪಸ್ಸು ಕೊಡುತ್ತೇವೆ. ಇಂದ್ರಾಣಿಯ ಸರದಿ ಇನ್ನೂ ಬಂದಿರಲಿಲ್ಲ, ಅವಳದ್ದು ಹೇಗಿದೆಯೆಂದು ನಮಗಾರಿಗೂ ಗೊತ್ತಿರಲಿಲ್ಲ. ಪಾಲಾದರೆ ಎಂಥದ್ದೂ ತಡೆಯುವ ಹಾಗಿರುತ್ತದೆ. ಇನ್ನೊಬ್ಬರ ನೋವು ಮನೆಗೆ ಬಂದ ನೆಂಟರಿದ್ದ ಹಾಗೆ, ಹೋಗುತ್ತಾರೆ ಅಂತ ಗೊತ್ತಿರುವುದರಿಂದ ಬೇಸರವಿಲ್ಲದೆ ಉಪಚಾರ ಮಾಡಬಹುದು. ಮೇಷ್ಟ್ರ ತಲೆನೋವಿನ ಪಾಲು ಬಂದ ದಿನ ನಾನು ಕಣ್ಣು ಮುಚ್ಚಿಕೊಂಡು ಎಂತೆಂಥ ಬಣ್ಣ ನೋಡಿದ್ದೇನೆ! ಆ ಬಣ್ಣದ ಸೀರೆ ನಮ್ಮೂರಲ್ಲಿ ಸಿಗುವುದಿಲ್ಲ, ವಿಚಾರಿಸಿದ್ದೇನೆ.

ಈ ಸೋಮವಾರದ ಬಿಡುವು ನನ್ನದು. ಗಿರಣಿಯ ಕಲ್ಲು ಸವೆದು ಹಿಟ್ಟು ರವೆರವೆಯಾಗಿ ಬೀಳುತ್ತಿತ್ತು. ಉಳಿ ಸುತ್ತಿಗೆ ಹಿಡಿದು ಕಲ್ಲಿನ ಮೇಲೆ ಮತ್ತೆ ಗೀರು ಮೂಡಿಸಬೇಕು, ಅದಕ್ಕೆ ನೋವಿಲ್ಲದ ಬೆರಳು ಬೇಕು. ನಮ್ಮ ಯಜಮಾನರಿಗೆ ಬಿಟ್ಟರೆ ಕಲ್ಲನ್ನೇ ಬದಲಾಯಿಸಬೇಕಾಗುತ್ತದೆ. ಗಿರಾಕಿಗಳಿಗೆಲ್ಲ ಮಂಗಳವಾರದಿಂದ ಹಿಟ್ಟು ನುಣ್ಣಗೆ ಬರುತ್ತದೆ ಎಂದು ಹೇಳಿಯಾಗಿತ್ತು. ಭಾನುವಾರ ಸಂಜೆ ಗುಂಪಿನಲ್ಲಿ ನಾನು "ಕೊಟ್ಟೆ" ಅನ್ನಬೇಕು ಅನ್ನುವಷ್ಟರಲ್ಲಿ ಇಂದ್ರಾಣಿ, "ಅಕ್ಕ, ಈ ಸೋಮವಾರ ನನಗೆ ಬಿಟ್ಕೊಡ್ತೀರಾ?" ಎಂದು ಕೇಳಿದಳು.

ಅವಳು ಬಸ್ ಕಂಡಕ್ಟರು. ಮೈನೋವು ಅಂತ ರಜೆ ಹಾಕಿ ಮಲಗಿದವಳು ಎದ್ದಿರಲಿಲ್ಲ. ರಕ್ತ ನೋಡಿದರು, ಫೋಟೋ ತೆಗೆದರು, ಮೂಳೆ ತಟ್ಟಿದರು. ಎಲ್ಲ ಸರಿಯಾಗಿದೆ ಅಂದರು. ಅಣ್ಣನ ಮನೆಯ ಹೊರಗಿನ ಕೋಣೆಯಲ್ಲಿದ್ದಳು. ಅತ್ತಿಗೆ ಬೆಳಗ್ಗೆ ಕಸ ಗುಡಿಸುವಾಗ ಅವಳ ಹಾಸಿಗೆಯ ಸುತ್ತ ಗುಡಿಸಿ ಹೋಗುತ್ತಿದ್ದಳಂತೆ, ಕಲ್ಲು ಕಂಬದ ಸುತ್ತ ಗುಡಿಸುವ ಹಾಗೆ. ಈಗ ಡಿಪೋದವರು ಸೋಮವಾರ ಬಂದು ಪೂರ್ತಿ ಒಂದು ದಿನ ನಿಂತು ಕೆಲಸ ಮಾಡಿ ತೋರಿಸು, ಇಲ್ಲದಿದ್ದರೆ ಹೆಸರು ತೆಗೆದುಹಾಕುತ್ತೇವೆ ಎಂದಿದ್ದರು. ಕೆಲಸ ಹೋದರೆ ಹೊರಗಿನ ಕೋಣೆಯೂ ಇರುವುದಿಲ್ಲ ಎಂದು ಅಣ್ಣ ಹೇಳಿದ್ದ.

ಇಷ್ಟು ಕೇಳಿದ ಮೇಲೆ ಯಾರಾದರೂ ಬಿಟ್ಟುಕೊಡುತ್ತಿದ್ದರು. ನನಗೆ ಸಿಟ್ಟು ಬಂತು. "ಒಂದು ದಿನ ನಿಂತು ತೋರಿಸ್ತೀಯ, ಸರಿ. ಮಾರನೇ ದಿನ ಯಾರು ನಿಲ್ತಾರೆ, ನಿಮ್ಮಪ್ಪನಾ?" ಎಂದೆ. ಅವಳು "ಅದು ನಾಳಿದ್ದಿನ ಮಾತು" ಎಂದಳು. ನಾನು "ಇಷ್ಟು ದಿನ ಮಲಗಿದ್ದವಳಿಗೆ ಇವತ್ತೇ ನಾಳೆ ನೆನಪಾಯ್ತಾ?" ಎಂದೆ. ಹೀಗೇ ಬೆಳೆದು, ನಿನಗೆ ಏನೂ ಇಲ್ಲ ಕಣೆ ಅನ್ನುವಲ್ಲಿಗೆ ಬಂದು ನಿಂತಿತ್ತು.

"ಏನೂ ಇಲ್ಲದಿದ್ರೆ ನಮ್ಮದು ಅವಳಿಗೆ ಹತ್ತುತ್ತಿತ್ತೇ ಅಮ್ಮಣ್ಣಿ?" ಎಂದರು ಮೇಷ್ಟ್ರು. ಅವರು ಕೋಣೆ ಕತ್ತಲು ಮಾಡಿಕೊಂಡು ಕೂರುವವರು, ಕೊಡುವಾಗ ತೆಗೆದುಕೊಳ್ಳುವಾಗ ಬಿಟ್ಟರೆ ಅವರ ಚೌಕದಲ್ಲಿ ದನಿ ಮಾತ್ರ ಇರುತ್ತಿತ್ತು. "ಹೋದ ವಾರ ನನ್ನ ತಲೆಯ ಪಾಲು ತಗೊಂಡು ತುಟಿಪಿಟಿಕ್ ಅನ್ಲಿಲ್ಲ ಆಕೆ."

"ಅದನ್ನೇ ನಾನೂ ಹೇಳ್ತಿರೋದು ಮೇಷ್ಟ್ರೇ. ನಿಮ್ಮ ತಲೆನೋವಿಗೆ ನಾನು ಗೋಡೆಗೆ ಹಣೆ ಚಚ್ಕೊಂಡಿದೀನಿ. ಇವಳು ಮಿಸುಕಾಡ್ಲಿಲ್ಲ. ಯಾಕೆ? ಸ್ವಂತದ್ದು ಇದ್ರೆ ತಾನೇ ಅದರ ಮೇಲೆ ಇದು ಭಾರ ಆಗೋದು? ಹಳೇ ಹುಳುಕು ಹಲ್ಲು ಒಂದಿದ್ರೂ ಹತ್ತುತ್ತೆ. ಎಲ್ಲೋ ಅಂಥದ್ದೊಂದು ಹಲ್ಲಿರ್ಬೇಕು ಇವಳಿಗೆ."

"ಅಕ್ಕ, ಬಿಡಿ ಅಕ್ಕ," ಎಂದಳು ಫಿರೋಜಾ.

ಇಂದ್ರಾಣಿ ಎದ್ದು ಕೂತಳು. ಏಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮುಖ ಚೌಕದಿಂದ ಆಚೆ ಹೋಗಿ, ಗಲ್ಲ ಮಾತ್ರ ಕಂಡು, ಮತ್ತೆ ಒಳಗೆ ಬಂತು. "ಸರಿ ಅಕ್ಕ. ಏನೂ ಇಲ್ಲ ಅಂತೀರಲ್ಲ, ಹಾಗಾದ್ರೆ ಪಾಲು ಯಾಕೆ? ಅಷ್ಟನ್ನೂ ನೀವೊಬ್ರೇ ತಗೊಳ್ಳಿ. ಏನೂ ಇಲ್ಲದ್ದನ್ನ ಇಟ್ಕೊಳ್ಳೋಕೆ ಏನು ಕಷ್ಟ? ನಾಳೆ ಸಂಜೆ ವಾಪಸ್ ತಗೊಳ್ತೀನಿ. ಕೊಟ್ಟೆ."

"ಬರಲಿ!" ಎಂದೆ.

ಒಬ್ಬರದ್ದನ್ನು ಇನ್ನೊಬ್ಬರೇ ಇಡಿಯಾಗಿ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಅದೂ ಸ್ವಂತದ್ದನ್ನು ಯಾರಿಗೂ ಕೊಡದೆ. ಮೃದುಲಾ ಮೇಡಂ ಒಬ್ಬರೇ ಚಪ್ಪಾಳೆ ತಟ್ಟಿದರು. "ಜಗಳದಿಂದ ಶುರುವಾಗಿ ಎಲ್ಲಿಗೆ ಬಂದ್ರಿ ನೋಡಿ! ಇದೇ ನಾನು ಹೇಳ್ತಿದ್ದ ಬೆಳವಣಿಗೆ," ಎಂದರು.

ನಾನು ಕಾದೆ. ಏನೂ ಆಗಲಿಲ್ಲ. "ಎಲ್ಲಿ? ಬಂತಾ? ನಾನು ಮೊದಲೇ ಹೇಳ್ಲಿಲ್ವಾ?" ಎಂದು ನಕ್ಕು, ಫೋನು ಇಟ್ಟು, ಬಾಗಿಲು ಹಾಕಲು ಎದ್ದೆ.

ಏಳಲು ಆಗಲಿಲ್ಲ. ನನ್ನ ನೋವು ನನಗೆ ಗೊತ್ತು. ಅದು ಬೆರಳ ಗೆಣ್ಣಿನಲ್ಲಿ, ಮಣಿಕಟ್ಟಿನಲ್ಲಿ, ಮಂಡಿಯಲ್ಲಿ ತನ್ನ ಜಾಗದಲ್ಲಿ ಕೂತಿರುತ್ತದೆ. ಇದಕ್ಕೆ ಜಾಗವೇ ಇರಲಿಲ್ಲ. ಹೆಗಲಲ್ಲಿದೆ ಅನ್ನುವಷ್ಟರಲ್ಲಿ ತೊಡೆಯಲ್ಲಿತ್ತು, ತೊಡೆ ಒತ್ತಿಕೊಂಡರೆ ದವಡೆಯಲ್ಲಿತ್ತು. ಯಾರೋ ಮೈತುಂಬ ಹೊಡೆದು, ಹೊಡೆದದ್ದು ಕಾಣದ ಹಾಗೆ ಒರೆಸಿಟ್ಟು ಹೋದಂತಿತ್ತು. ರವಿಕೆಯ ತೋಳು ಚರ್ಮಕ್ಕೆ ತಾಗಿದಲ್ಲೆಲ್ಲ ನೋಯುತ್ತಿತ್ತು. ಒಳಗೆ ಯಜಮಾನರು ತಟ್ಟೆ ಕೆಳಗಿಟ್ಟ ಸದ್ದಿಗೆ ಬೆನ್ನು ನೋಯಿತು. ಸದ್ದಿಗೆ ಬೆನ್ನು ನೋಯುವುದು ಅಂದರೇನು? ನಾನು ಅದುವರೆಗೆ ಕಂಡಿರಲಿಲ್ಲ. ಎಲ್ಲಕ್ಕಿಂತ ಮೇಲೆ ಒಂದು ಸುಸ್ತು. ಮೂಟೆ ಹೊತ್ತು ಬಂದ ಸುಸ್ತಲ್ಲ, ಆ ಸುಸ್ತಿಗೆ ನಿದ್ದೆ ಬರುತ್ತದೆ. ಇದು ಮಲಗಿದರೆ ಮಲಗಿದ್ದಕ್ಕೇ ಸುಸ್ತಾಗುವ ಸುಸ್ತು.

ಫಿರೋಜಾ ಕೂಡಲೇ ಮತ್ತೆ ಫೋನು ಮಾಡಿದಳು. ನನ್ನ ಮುಖ ನೋಡಿದಳು. "ಅಕ್ಕ, ನಿಮ್ಮ ಬೆರಳು, ಮಂಡಿ ಎಲ್ಲ ನನಗೆ ಕೊಡಿ," ಎಂದಳು.

"ನಿನಗೆ ನಾಳೆ ಹೊಲಿಯೋದಿಲ್ವಾ?"

"ಬ್ಲೌಸು ಎಲ್ಲೂ ಓಡಿ ಹೋಗಲ್ಲ. ಕೊಡಿ ಅಂದ್ರೆ ಕೊಡಿ. ಸಿಟ್ಟು ನಿಮ್ಮದೇ ಇಟ್ಕೊಳ್ಳಿ, ಅದು ನನಗೆ ಬೇಡ."

ಕೊಟ್ಟೆ. ನನ್ನದು ಹೋಯಿತು. ಹೋಗಿದ್ದು ತಿಳಿಯಲೇ ಇಲ್ಲ.

ಸೋಮವಾರ ಬೆಳಗ್ಗೆ ಕಲ್ಲು ಎತ್ತಿಸಿ ಇಟ್ಟುಕೊಂಡು ಉಳಿ ಹಿಡಿದೆ. ಬೆರಳು ಸೊಟ್ಟಗಿದ್ದರೂ ಹೂವಿನ ಹಾಗೆ ಹಗುರವಾಗಿದ್ದವು. ಸುತ್ತಿಗೆ ಎತ್ತುವ ತೋಳು ಮಾತ್ರ ಮೇಲೇಳಲಿಲ್ಲ. ಎರಡು ಏಟು ಹಾಕಿ, ಕಲ್ಲಿಗೆ ಒರಗಿ ಕೂತೆ. ಯಜಮಾನರು ಬಂದು ನೋಡಿದರು.

"ಯಾರದ್ದೇ ಇವತ್ತು? ಕೈ ನೋಯ್ತಿದೆಯಾ?"

"ಕೈಯಲ್ಲ."

"ಮಂಡಿಯಾ?"

"ಮಂಡಿಯಲ್ಲ."

"ಮತ್ತೆಲ್ಲಿ?"

"ಎಲ್ಲಾ ಕಡೆ."

"ಎಲ್ಲಾ ಕಡೆ ಅಂದ್ರೆ ಎಲ್ಲೂ ಇಲ್ಲ ಅಂತ," ಎಂದರು ಪುಟ್ಟಮಾದಪ್ಪನವರು. ಒಳ್ಳೆಯ ಮನುಷ್ಯ, ವ್ಯಂಗ್ಯ ಮಾಡುವವರಲ್ಲ. ನಿಜವಾಗಿಯೂ ಹಾಗೆ ಅನ್ನಿಸಿ ಹೇಳಿದರು. "ಮುಖ ನೋಡಿದ್ರೆ ಚೆನ್ನಾಗೇ ಇದೀಯಲ್ಲ."

ನಾನು ಉಳಿಯನ್ನು ಅವರ ಕಡೆ ಎಸೆದೆ. ತೋಳಿಗೆ ಶಕ್ತಿಯಿಲ್ಲದ್ದರಿಂದ ಅದು ನನ್ನ ಕಾಲ ಬಳಿಯೇ ಬಿತ್ತು.

ಮಾರನೇ ದಿನಕ್ಕೆಂದು ಡಬ್ಬಿ ಇಟ್ಟು ಹೋಗಲು ಗಿರಾಕಿಗಳು ಬಂದರು. ದಿನಾ ನನ್ನ ಬೆರಳು ನೋಡಿ "ಪಾಪ, ನೀವು ಎತ್ಬೇಡಿ" ಎಂದು ಡಬ್ಬಿಯನ್ನು ತಾವೇ ಎತ್ತಿಡುವ ಜನ. ಅವತ್ತು ಯಾರೋ ಒಬ್ಬಾಕೆಗೆ ನಾನು "ನೀವೇ ಎತ್ತಿಡ್ರಮ್ಮ, ನನಗೆ ಮೈ ಸರಿಯಿಲ್ಲ" ಎಂದದ್ದಕ್ಕೆ ಆಕೆ ನನ್ನ ಬೆರಳು ನೋಡಿದಳು. "ಇವತ್ತು ಬೆರಳು ಸರಾಗವಾಗಿ ಆಡ್ತಿದೆಯಲ್ಲ?" ಎಂದಳು. ಹೌದು, ಆಡುತ್ತಿತ್ತು. ಅವಳಿಗೆ ನಾನು ಏನು ತೋರಿಸಲಿ? ಕೀಲುವಾತಕ್ಕಾದರೆ ಸೊಟ್ಟ ಬೆರಳನ್ನು ಸರ್ಟಿಫಿಕೇಟಿನ ಹಾಗೆ ಮುಂದೆ ಹಿಡಿಯಬಹುದು. ಇದಕ್ಕೆ ತೋರಿಸಲು ಒಂದು ಗಾಯವಿಲ್ಲ, ಒಂದು ಬಾವಿಲ್ಲ. ತೋರಿಸಲು ಏನೂ ಇಲ್ಲದ್ದೇ ಇನ್ನಷ್ಟು ನೋವಾಗಿ ನನ್ನ ಬಾಯಿಂದ ಬೈಗುಳ ಹೊರಟಿತು. ಆಕೆ ಡಬ್ಬಿ ಎತ್ತಿಕೊಂಡು ಬೇರೆ ಗಿರಣಿಗೆ ಹೋದಳು.

ಮಧ್ಯಾಹ್ನ ಬಸ್ಸು ಬಂತು. ನಮ್ಮ ಗಿರಣಿಯ ಮುಂದೆಯೇ ಸ್ಟಾಪು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಇಂದ್ರಾಣಿ ಖಾಕಿ ಅಂಗಿಯ ತೋಳು ಮಡಿಸಿ ಹಿಂದಿನ ಬಾಗಿಲಲ್ಲಿ ನೇತಾಡುತ್ತಿದ್ದಳು. ಬಸ್ಸು ನಿಲ್ಲುವ ಮೊದಲೇ ಕೆಳಗೆ ಹಾರಿದಳು. ಒಬ್ಬ ಮುದುಕಪ್ಪನ ಟೊಮ್ಯಾಟೊ ಬುಟ್ಟಿಯನ್ನು ಒಂದೇ ಕೈಲಿ ಮೇಲೆತ್ತಿ ಒಳಗೆ ಇಟ್ಟಳು. "ಒಳಗೆ ಹೋಗ್ರಪ್ಪಾ, ಒಳಗೆ ಬೇಕಾದಷ್ಟು ಜಾಗ ಇದೆ, ಬಾಗಿಲಲ್ಲೇನು ನಿಮ್ಮತ್ತೆ ಕೂತಿದಾಳಾ?" ಎಂದು ಕೂಗಿದಳು. ಬಸ್ಸೆಲ್ಲ ನಕ್ಕಿತು. ಅವಳಿಗೆ ಇಂಥ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಅವಳು ಮಾತಾಡಿದರೆ ಗೋಡೆಯ ಆಚೆ ಯಾರೋ ಮಾತಾಡಿದ ಹಾಗಿರುತ್ತಿತ್ತು. ನನ್ನನ್ನು ನೋಡಿದಳು. ನಗು ನಿಂತಿತು. ಕೈ ಎತ್ತಬೇಕೋ ಬೇಡವೋ ಎಂದು ಅರ್ಧ ಎತ್ತಿ, ಸೀಟಿ ಊದಿ, ಓಡುತ್ತಿದ್ದ ಬಸ್ಸಿಗೆ ಹತ್ತಿಕೊಂಡಳು. ಅವಳ ಮೈ ಅಷ್ಟೂ ನನ್ನ ಮೈಯಲ್ಲಿ ಚೌಕಟ್ಟು ಹಿಡಿದುಕೊಂಡು ನಿಂತಿತ್ತು.

ಸಂಜೆ ಗುಂಪು ಸೇರುವ ಹೊತ್ತಿಗೆ ಅವಳು ಫೋನಿನಲ್ಲಿ ಬರದೆ ತಾನೇ ನಡೆದು ಗಿರಣಿಗೆ ಬಂದಳು. ಖಾಕಿಯಲ್ಲೇ ಇದ್ದಳು, ಹೆಗಲಿಗೆ ಚರ್ಮದ ಚೀಲ. ನಾನು ಗೋಧಿಮೂಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದೆ. ಪಕ್ಕದ ಮೂಟೆಯ ಮೇಲೆ ಕೂತಳು. ಕೂರುವಾಗ ಮೊದಲು ಕೈಯೂರಿ, ಆಮೇಲೆ ಕೈ ಬೇಕಿಲ್ಲವೆಂದು ನೆನಪಾಗಿ ತೆಗೆದಳು.

"ಏನಂದ್ರು ಡಿಪೋದಲ್ಲಿ?" ಎಂದೆ.

"ತಗೊಂಡ್ರು ಅಕ್ಕ. ನಾಳೆಯಿಂದಲೇ ಬಾ ಅಂದ್ರು. ಹೊಳೆಯಾಚೆಗೆ ಹೋಗೋ ಗಾಡಿಗೆ ಹಾಕಿದಾರೆ. ಅಲ್ಲೇ ಉಳ್ಕೊಳ್ಳೋಕೆ ರೂಮು ಕೊಡ್ತಾರಂತೆ."

"ಹೂಂ."

"ನೀವು ಹೇಗಿದೀರಿ?"

"ಹೇಗಿದೀನಿ ಅಂತ ನಿನಗೆ ಗೊತ್ತಿಲ್ವಾ? ಸುಡುಗಾಡು. ಹೆಗಲ ಹಿಂದೆ, ಕೈ ಹೋಗಲ್ಲ ನೋಡು, ಆ ಜಾಗದಲ್ಲಿ—"

"ರೆಕ್ಕೆಮೂಳೆ ಕೆಳಗೆ!" ಎಂದು ಅವಳು ನೆಟ್ಟಗೆ ಕೂತಳು. "ಒಳಗಿಂದ ಉಗುರು ಹಾಕಿ ಎಳೆದ ಹಾಗೆ?"

"ಉಗುರಲ್ಲ, ಕೊಕ್ಕೆ."

"ಕೊಕ್ಕೆ! ಹೌದು ಅಕ್ಕ, ಕೊಕ್ಕೆ. ನಾನು ಉಗುರು ಉಗುರು ಅಂತಲೇ ಎಲ್ಲ ಡಾಕ್ಟರಿಗೂ ಹೇಳಿದೆ. ಕೊಕ್ಕೆ ಅನ್ನೋದು ಹೊಳೀಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕೆನ್ನೆ ಮೂಳೆ?"

"ಊಟ ಮಾಡ್ಲೇ ಇಲ್ಲ. ಅಗಿಯೋಕೆ ಬೇಜಾರಾಯ್ತು."

"ಮೊಸರನ್ನ ಮಾಡ್ಕೋಬೇಕು. ಬಿಸಿ ಇರಬಾರ್ದು, ತಣ್ಣಗೂ ಇರಬಾರ್ದು. ಬೆಳಗ್ಗೆ ಏಳೋವಾಗ ಪೂರ್ತಿ ಒಂದೇ ಸಲ ಏಳ್ಬಾರ್ದು ಅಕ್ಕ, ಮೊದಲು ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಸ್ವಲ್ಪ ಹೊತ್ತು ಯಾರನ್ನಾದ್ರೂ ಬೈಕೊಂಡು ಕೂತ್ಕೋಬೇಕು. ಆಮೇಲೆ ಏಳ್ಬೇಕು."

"ನೀನು ಯಾರನ್ನ ಬೈತಿದ್ದೆ?"

"ಅತ್ತಿಗೇನ. ಈಚೀಚೆಗೆ ನಿಮ್ಮನ್ನ."

ನಕ್ಕೆವು. ನಕ್ಕದ್ದಕ್ಕೆ ನನ್ನ ಪಕ್ಕೆಯೆಲ್ಲ ನೋಯಿತು. "ನಕ್ರೂ ನೋಯುತ್ತೆ, ಹೇಳೋದು ಮರೆತೆ," ಎಂದಳು. ಒಂದೇ ಊರಿನಲ್ಲಿ ಹುಟ್ಟಿದವರು ಪರಸ್ಥಳದಲ್ಲಿ ಸಿಕ್ಕಿಬಿದ್ದು, ನಿಮ್ಮ ಬೀದಿ ಯಾವುದು, ಬಾವಿ ಎಲ್ಲಿತ್ತು ಎಂದು ಕೇಳಿಕೊಳ್ಳುತ್ತಾ ಕೂತಂತೆ ನಾವು ಕೂತಿದ್ದೆವು. ಅವಳ ನೋವಿನ ಊರಿನಲ್ಲಿ ಅದುವರೆಗೆ ಇನ್ನೊಬ್ಬರು ಇರಲೇ ಇಲ್ಲ.

ಫೋನು ಕೂಗಿತು. ಮೇಷ್ಟ್ರು, ಫಿರೋಜಾ, ಮೇಡಂ ಮೂವರೂ ಬಂದರು. ಫಿರೋಜಾ ನನ್ನ ಬೆರಳನ್ನು ಬೆಳಗಿನಿಂದ ಬಿಸಿನೀರಲ್ಲಿಟ್ಟುಕೊಂಡು ಕೂತಿದ್ದಳಂತೆ. "ಅಕ್ಕ, ಇದನ್ನ ಇಟ್ಕೊಂಡು ಗಿರಣಿ ಹೇಗೆ ನಡೆಸ್ತೀರಿ? ನನಗೆ ಸೂಜಿಗೆ ದಾರ ಪೋಣಿಸೋಕಾಗ್ಲಿಲ್ಲ," ಎಂದಳು. ನಾನು "ನನ್ನದು ನನಗೆ" ಎಂದೆ. ಬೆರಳು ವಾಪಸ್ಸು ಬಂದವು. ಇಂದ್ರಾಣಿಯದ್ದೂ ನನ್ನದೂ ಒಂದರ ಮೇಲೊಂದು ಕೂತಾಗ ಗೋಡೆ ಹಿಡಿದುಕೊಂಡೆ. ಇಂದ್ರಾಣಿ ಅದನ್ನು ನೋಡಿದಳು.

"ಈಗ ಇಂದ್ರಾಣಿ," ಎಂದರು ಮೇಷ್ಟ್ರು. "ಹೇಳಮ್ಮ ಬೇಗ. ಅಮ್ಮಣ್ಣಿಯವರಿಗೆ ಎರಡೆರಡು ತಡೆಯೋಕಾಗಲ್ಲ."

ನಾನು ಇಬ್ಬರ ಮುಖವೂ ಕಾಣುವಂತೆ ಫೋನು ಹಿಡಿದೆ. ಇಂದ್ರಾಣಿ ಚೌಕದಲ್ಲಿದ್ದ ತನ್ನ ಮುಖವನ್ನೇ ನೋಡುತ್ತಿದ್ದಳು. ಬಾಯಿ ತೆರೆದಳು. "ನನ್ನ—" ಎಂದಳು. ನಿಲ್ಲಿಸಿದಳು. ಚೀಲದ ಪಟ್ಟಿಯನ್ನು ಹೆಗಲ ಮೇಲೆ ಒಂದು ಸಲ ಸರಿಮಾಡಿಕೊಂಡಳು. ಪಟ್ಟಿ ಕೂತಿದ್ದ ಜಾಗ ನನಗೆ ಗೊತ್ತು. ನನ್ನಲ್ಲಿ ಆ ಜಾಗದ ಮೇಲೆ ಒಂದು ಬಟ್ಟೆಯ ಎಳೆ ಇಡುವಂತಿರಲಿಲ್ಲ.

"ಅಕ್ಕ," ಎಂದಳು. "ಒಂಚೂರು ನೀರು ಕುಡಿದು ಬರ್ತೀನಿ."

ಹೂಜಿ ನನ್ನ ಕಾಲ ಬಳಿಯೇ ಇತ್ತು, ಮೇಲೆ ಲೋಟ ಬೋರಲು ಹಾಕಿತ್ತು. ಇಬ್ಬರೂ ಅದನ್ನು ನೋಡಿದೆವು.

"ಹೂಜಿ ನೀರು ತಣ್ಣಗಿರುತ್ತೆ," ಎಂದಳು. "ಬೀದಿ ನಲ್ಲೀಲಿ ಕುಡೀತೀನಿ."

ನಮ್ಮ ಬೀದಿಯ ನಲ್ಲಿಯಲ್ಲಿ ಬೆಳಗ್ಗೆ ಬಿಟ್ಟರೆ ನೀರು ಬರುವುದಿಲ್ಲ. ಇದು ನಮ್ಮ ಬೀದಿಯ ನಾಯಿಗೂ ಗೊತ್ತು. ಇದೇ ಊರಲ್ಲಿರುವ ಕಂಡಕ್ಟರಿಗೆ ಗೊತ್ತಿಲ್ಲದಿರುತ್ತದೆಯೇ?

"ಹೋಗ್ಬಾ," ಎಂದೆ.

ಎದ್ದಳು. ಹೊಸಿಲ ಹೊರಗೆ ಚಪ್ಪಲಿ ಮೆಟ್ಟಿದಳು, ಬಗ್ಗಿ ಅದರ ಪಟ್ಟಿ ಹಾಕಿಕೊಂಡಳು. ಬಗ್ಗಿ ಏಳುವುದು ಅವಳಿಗೆ ಎಷ್ಟು ಸುಲಭವಾಯಿತು ಅಂದರೆ ನೋಡಿದ ನನಗೆ ಸೊಂಟ ಹಿಡಿಯಿತು. ಮೆಟ್ಟಿಲಿಳಿದು ಬೀದಿಗೆ ಹೋದಳು.

"ಅಮ್ಮಣ್ಣಿ, ಎಲ್ಲಿಗೆ ಹೋದಳು ಆಕೆ?" ಎಂದರು ಮೇಷ್ಟ್ರು.

"ನೀರು ಕುಡಿಯೋಕೆ."

"ಹೇಳಿ ಹೋಗೋಕೇನಾಗಿತ್ತು? ಎರಡು ಮಾತು ತಾನೆ?"

ಫಿರೋಜಾಳ ಮುಖ ಚೌಕದ ತುಂಬ ಬಂತು. ಅವಳು ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. "ಅಕ್ಕ, ಕೂಗಿ ಕರೀರಿ ಅವಳನ್ನ. ನಿಮ್ಮ ದನಿ ಡಿಪೋವರೆಗೆ ಕೇಳುತ್ತೆ. ಅವಳು ಬರದೇ ಹೋದ್ರೆ ಅದು ನಿಮಗೇ ಉಳಿಯುತ್ತೆ. ನಾವು ಪಾಲು ತಗೊಳ್ಳೋಕೂ ಆಗಲ್ಲ. ಕೂಗಿ ಅಕ್ಕ!"

ನಾನು ಬಾಗಿಲಿಂದ ನೋಡುತ್ತಿದ್ದೆ. ಅವಳು ಓಡುತ್ತಿರಲಿಲ್ಲ. ಓಡಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಕೂಗುತ್ತಿದ್ದೆ. ಸುಮ್ಮನೆ ನಡೆಯುತ್ತಿದ್ದಳು, ಕೈ ಬೀಸಿಕೊಂಡು, ಸಂತೆ ಮುಗಿಸಿ ಮನೆಗೆ ಹೋಗುವವರ ಹಾಗೆ. ನಲ್ಲಿ ಬಂತು. ಅದರ ಕಡೆ ತಿರುಗಿಯೂ ನೋಡಲಿಲ್ಲ. ಸೈಕಲ್ ಅಂಗಡಿ ದಾಟಿದಳು. ಅಂಗಡಿಯವನು ಏನೋ ಕೇಳಿದ, ಅವಳು ಏನೋ ಹೇಳಿದಳು, ಅವನು ನಕ್ಕ.

"ಅಕ್ಕ, ಕೂಗಿದ್ರಾ?" ಎಂದಳು ಫಿರೋಜಾ.

"ನೀರು ಕುಡೀಲಿ ಬಿಡು," ಎಂದೆ.

"ಸರಿ, ಇಂದ್ರಾಣಿಯವರು ಬರೋವರೆಗೂ ಎಲ್ಲರೂ ಕಣ್ಣು ಮುಚ್ಚಿ ಕಾಯೋಣ," ಎಂದರು ಮೃದುಲಾ ಮೇಡಂ. "ನಿಧಾನವಾಗಿ ಉಸಿರು ಒಳಗೆ."

ಫಿರೋಜಾ ಕಣ್ಣು ಮುಚ್ಚದೆ ನನ್ನನ್ನೇ ನೋಡುತ್ತಿದ್ದಳು. ಮೇಷ್ಟ್ರ ಕತ್ತಲಲ್ಲಿ ಉಸಿರು ಕೇಳಿಸುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಮುಚ್ಚುವ ಮೊದಲು ಅವಳು ಬೀದಿಯ ತಿರುವಿನಲ್ಲಿದ್ದಳು, ತೆರೆದಾಗ ಇರಲಿಲ್ಲ. ದೀಪ ಹಚ್ಚುವವರೆಗೂ ಕಾದೆವು. ಅವಳು ಬರಲಿಲ್ಲ.